ಹೆಸರು ಕೇಳುವ ಮೊದಲು ಎಲೆಯ ಅಡಿ ನೋಡೋಣ

ಹಿತ್ತಲ ಗಿಡದಲ್ಲಿ ಹುಳ ಕಂಡರೆ ನಮ್ಮ ಮಕ್ಕಳು ಮೊದಲು ಮಾಡುವ ಕೆಲಸ ಫೋನ್ ಹಿಡಿದು ಅದರ ಹೆಸರು ಕೇಳುವುದು. ಫೋನ್ ಹೆಸರು ಹೇಳುತ್ತದೆ, ಕುತೂಹಲ ಅಲ್ಲಿಗೇ ಮುಗಿಯುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಯಾಕೆಂದು ಒಂದು ಸಸ್ಯಹೇನಿನ ಕಥೆ ಹೇಳುತ್ತೇನೆ.

ಊರಲ್ಲಿ ಅವರೆ ಗಿಡದ ಕುಡಿಗೆ ಮುತ್ತಿಕೊಂಡು ರಸ ಹೀರುತ್ತವಲ್ಲ, ಆ ಹೇನುಗಳ ಬಳಗವೇ. ಇದರಲ್ಲಿ ಸುಮಾರು 5,000 ಪ್ರಭೇದಗಳಿವೆ. 2000ನೇ ಇಸವಿಯ ಬೇಸಿಗೆಯಲ್ಲಿ ಇಲ್ಲಿನ ವಿಸ್ಕಾನ್ಸಿನ್ ರಾಜ್ಯದ ಸೋಯಾ ಹೊಲಗಳಲ್ಲಿ ಹಳದಿ-ಹಸಿರು ಹೇನು ಕಾಣಿಸಿತು. ಮೇಲ್ನೋಟಕ್ಕೆ ಹತ್ತಿ ಗಿಡದ ಹೇನಿನಂತೆಯೇ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆನ್ನಿನ ಹಿಂಭಾಗದ ಎರಡು ಕೊಳವೆಗಳು ಕಪ್ಪು, ಪುಟ್ಟ ಬಾಲ ಮಾತ್ರ ಬಿಳಿಚು. ಅದು ಏಷ್ಯಾದ ಸೋಯಾ ಹೇನು, ಅಫಿಸ್ ಗ್ಲೈಸಿನೀಸ್. ಅಮೆರಿಕಕ್ಕೆ ಹೊಸದು, ವಿಜ್ಞಾನಕ್ಕೆ ಹಳೆಯದು. ಜಪಾನಿನ ಮಾತ್ಸುಮುರಾ ಅವರು 1917ರಲ್ಲೇ ಅದನ್ನು ವರ್ಣಿಸಿ ಹೆಸರಿಟ್ಟಿದ್ದರು. 83 ವರ್ಷದ ಹಿಂದಿನ ಆ ಬರಹ ಈಗ ಕೆಲಸಕ್ಕೆ ಬಂತು. ಗುರುತು ಸಿಕ್ಕಿದ್ದರಿಂದ ಅದನ್ನು ತಿನ್ನುವ ಕೀಟಗಳು ಯಾವುವು, ಚಳಿಗಾಲದಲ್ಲಿ ಅದರ ಮೊಟ್ಟೆಗಳು ಯಾವ ಪೊದೆಯ ಮೇಲಿರುತ್ತವೆ ಎಂದು ಹುಡುಕಲು ದಾರಿಯಾಯಿತು. ಕೆಲವೇ ವರ್ಷಗಳಲ್ಲಿ 20ಕ್ಕೂ ಹೆಚ್ಚು ರಾಜ್ಯಗಳಿಗೆ ಹರಡಿದ ಕೀಟವಿದು. ರೈತರಿಗೆ ಒಂದೊಂದು ತಿಂಗಳೂ ಮುಖ್ಯವಾಗಿತ್ತು.

ಹೊಸ ಪ್ರಭೇದವನ್ನು ವರ್ಣಿಸುವುದು ತಾಳ್ಮೆಯ ಕೆಲಸ. ಒಂದೆರಡು ಮಿಲಿಮೀಟರಿನ ಹುಳವನ್ನು ಕ್ಷಾರದ ದ್ರಾವಣದಲ್ಲಿ ಕಾಯಿಸಿ, ಒಳಗೆಲ್ಲ ತಿಳಿಯಾದ ಮೇಲೆ ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಮೀಸೆಯ ಗಂಟುಗಳನ್ನೂ ಬಾಲದ ಕೂದಲನ್ನೂ ಎಣಿಸುತ್ತಾರೆ. (ಹೌದು ಮಕ್ಕಳೇ, ಹೇನಿನ ಬಾಲದ ಕೂದಲು ಎಣಿಸುವ ಉದ್ಯೋಗವೂ ಇದೆ!) ಹತ್ತಿರದ ಪ್ರಭೇದಗಳ ಜೊತೆ ಹೋಲಿಸಿ, ಯಾವ ಗಿಡ, ಯಾವ ಊರು, ಯಾವ ದಿನ ಎಂದು ಬರೆದು, ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿಟ್ಟು, ಎಲ್ಲವನ್ನೂ ಪ್ರಕಟಿಸಿದರೆ ಮಾತ್ರ ಹೆಸರಿಗೆ ಬೆಲೆ. ಫೋನ್ ಹಾಗಲ್ಲ. ತನಗೆ ಮೊದಲೇ ಗೊತ್ತಿರುವ ಹೆಸರುಗಳಲ್ಲೇ ಒಂದನ್ನು ಆರಿಸುತ್ತದೆ, ಹುಳ ನಿಜಕ್ಕೂ ಹೊಸದಾಗಿದ್ದರೂ ಕೂಡ.

ಆದ್ದರಿಂದ ನಮ್ಮ ತರಗತಿಯಲ್ಲಿ ಮೊದಲು ವರ್ಣನೆ, ಆಮೇಲೆ ಹೆಸರು ಎಂಬ ಕ್ರಮ ಬರಲಿ. "ಇಂಥದಕ್ಕೆಲ್ಲ ಕನ್ನಡದಲ್ಲಿ ಪದ ಎಲ್ಲಿದೆ?" ಎಂದು ಕೆಲವು ಪೋಷಕರು ಕೇಳಬಹುದು. ಮೀಸೆ, ಗಂಟು, ಕೊಳವೆ, ಕುಡಿ, ಅಂಟು, ಬಿಳಿಚು: ಇಷ್ಟು ಪದಗಳಿಂದ ಅರ್ಧ ಪುಟ ಆರಾಮಾಗಿ ಬರೆಯಬಹುದು. ಮುಂದಿನ ತರಗತಿಗೆ ಹೇನು ಹತ್ತಿದ ಒಂದು ಎಲೆಯನ್ನು ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲಿ ತನ್ನಿ, ಯಾವ ಗಿಡದ್ದೆಂದು ಮೇಲೆ ಬರೆದಿರಲಿ. ಭೂತಗನ್ನಡಿ ನಾನು ತರುತ್ತೇನೆ.