ಹಾಸಿಗೆ ಹಿಡಿದವರನ್ನು ಹಾಸಿಗೆಗೇ ಬಿಡಬೇಡಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಕನ್ನಡ ಬಂಧುಗಳೇ,

ಮನೆಯವರು ದವಾಖಾನೆ ಸೇರಿದರೆ ನಾವು ಕೈಕಟ್ಟಿ ಕೂರುವ ಜನ ಅಲ್ಲ. ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆ ಇರಲಿ, ಇಚಲಕರಂಜಿಯ ಇಂದಿರಾ ಗಾಂಧಿ ಆಸ್ಪತ್ರೆ ಇರಲಿ, ಗಡಹಿಂಗ್ಲಜದ ಉಪಜಿಲ್ಲಾ ದವಾಖಾನೆ ಇರಲಿ, ಒಬ್ಬ ಪೇಶಂಟಿಗೆ ನಾಲ್ಕು ಜನ ಕಾವಲು. ಊಟದ ಡಬ್ಬಿ ಬರುತ್ತದೆ, ಎಳನೀರು ಬರುತ್ತದೆ, ನಿಪ್ಪಾಣಿ, ಸಂಕೇಶ್ವರದಿಂದ ಬೀಗರು ಬರುತ್ತಾರೆ. ಬಂದವರೆಲ್ಲ ಹೇಳುವುದು ಒಂದೇ: "ಏಳಬ್ಯಾಡ್ರಿ, ಅಳ್ಳಾಡಬ್ಯಾಡ್ರಿ, ಸುಮ್ನ ಮಲಗ್ರಿ." ನನ್ನ ತಕರಾರು ಈ ಅಕ್ಕರೆಯ ಮಾತಿನ ಮೇಲೆಯೇ.

ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಎದೆಯ ಕಡೆಗೆ ಮೇಲೆತ್ತುತ್ತದೆ. ದಿನಗಟ್ಟಲೆ ಮಲಗಿದರೆ ಆ ಕೆಲಸ ನಿಲ್ಲುತ್ತದೆ; ಒಳಗಿನ ಅಭಿಧಮನಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆಪರೇಷನ್, ಮೂಳೆ ಮುರಿತ, ಸೋಂಕು, ಕ್ಯಾನ್ಸರ್ ಇದ್ದರೆ ರಕ್ತ ಹೆಪ್ಪುಗಟ್ಟುವ ಗುಣ ಇನ್ನೂ ಹೆಚ್ಚು. ಕಾಲಿನ ಹೆಪ್ಪು ಕಿತ್ತು ಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತೆಂದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 19ನೇ ಶತಮಾನದಲ್ಲೇ ಇದನ್ನು ಬಿಡಿಸಿ ಹೇಳಿದ. ಅವನ ಜನ್ಮದಿನವಾದ ಅಕ್ಟೋಬರ್ 13 ಈಗ ವಿಶ್ವ ಥ್ರಾಂಬೋಸಿಸ್ (ರಕ್ತ ಹೆಪ್ಪುಗಟ್ಟುವಿಕೆ) ದಿನ. ನಮ್ಮಲ್ಲಿ ಮಾತ್ರ "ಆಪರೇಷನ್ ಚಲೋ ಆಗಿತ್ತು, ನಾಳೆ ಮನಿಗೆ ಕಳಿಸವ್ರಿದ್ರು, ಸಂಡಾಸಕ್ಕ ಎದ್ದವ್ರು ಅಲ್ಲೇ ಬಿದ್ರು" ಎಂಬ ಸುದ್ದಿ ಬಂದರೆ ಹಾರ್ಟ್ ಅಟ್ಯಾಕ್ ಎಂದು ಷರಾ ಬರೆದು ಮುಗಿಸುತ್ತೇವೆ.

2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಭಾರತವೂ ಸೇರಿ 32 ದೇಶಗಳ 358 ಆಸ್ಪತ್ರೆಗಳನ್ನು ನೋಡಿತು. ಒಳರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೀಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇತ್ತು. ತಕ್ಕ ತಡೆ ಚಿಕಿತ್ಸೆ ಸಿಕ್ಕಿದ್ದು ಅವರಲ್ಲಿ ಅರ್ಧದಷ್ಟು ಜನಕ್ಕೆ. ಇಂಗ್ಲೆಂಡಿನಲ್ಲಿ 2010ರಿಂದ, ದಾಖಲಾದ ವಯಸ್ಕರ ಅಪಾಯವನ್ನು ಅಳೆದು ಬರೆದಿಡುವುದನ್ನು ಆಸ್ಪತ್ರೆಗಳ ಹೊಣೆಯಾಗಿ ಮಾಡಿದರು. ನಮ್ಮ ವಾರ್ಡುಗಳ ಗದ್ದಲದಲ್ಲಿ ಆ ಕೆಲಸ ತಾನಾಗಿ ಆಗಲಿ ಎಂದು ಕಾಯುವ ಬದಲು ನಾವೇ ಬಾಯಿ ಬಿಡೋಣ.

ಕೇಳುವುದು ಇಷ್ಟೇ: "ಡಾಕ್ಟರ್, ಪಾಯಾತ್ ರಕ್ತಾಚೀ ಗುಠಳೀ ಹೋಊ ನಯೇ ಮ್ಹಣೂನ್ ಕಾಯ್ ಕರಾಯ್ಚಂ?" (ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಏನು ಮಾಡಬೇಕು?) ಮರಾಠಿ ಬಾರದ ಅಜ್ಜಿಯ ಪರವಾಗಿ ಮೊಮ್ಮಗ ಕೇಳಲಿ. ಹಿಂದೆ ಎಂದಾದರೂ ಹೆಪ್ಪುಗಟ್ಟಿತ್ತೇ, ಕ್ಯಾನ್ಸರ್ ಇದೆಯೇ, ಗರ್ಭನಿರೋಧಕ ಮಾತ್ರೆ ನಡೆದಿದೆಯೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ. ವೈದ್ಯರು ನಡೆಸಲು ಒಪ್ಪಿದರೆ ಅವತ್ತೇ ಎಬ್ಬಿಸಿ, ತೋಳು ಹಿಡಿದು ವಾರ್ಡಿನ ಬಾಗಿಲ ತನಕವಾದರೂ ನಡೆಸಿ. ಏಳಲಾಗದವರು ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲಿ. ನೀರು ಕಡಿಮೆ ಮಾಡಿ ಎಂದು ವೈದ್ಯರು ಹೇಳಿರದಿದ್ದರೆ ಚೆನ್ನಾಗಿ ಕುಡಿಸಿ.

ಕೆಲವರಿಗೆ ಹೊಟ್ಟೆಯ ಚರ್ಮದಡಿ ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಡುತ್ತಾರೆ. "ಕಾಲು ಮುರದ್ರ ಹೊಟ್ಟಿಗ್ಯಾಕ ಸೂಜಿ?" ಎಂದು ಜಗಳ ತೆಗೆಯಬೇಡಿ. ಅದು ಎಲ್ಲರಿಗೂ ಅಲ್ಲ; ರಕ್ತಸ್ರಾವದ ಭಯ ಇದ್ದವರಿಗೆ ಕಾಲನ್ನು ಬಿಗಿಯುವ ಕಾಲುಚೀಲ, ಗಾಳಿ ತುಂಬಿ ಒತ್ತುವ ಪಟ್ಟಿಯಂಥ ಬೇರೆ ದಾರಿಗಳಿವೆ. ಔಷಧಿ ಅಂಗಡಿಯವರನ್ನು ಕೇಳಿ ರಕ್ತ ತೆಳು ಮಾಡುವ ಗುಳಿಗೆ ನುಂಗಿಸುವುದಂತೂ ಬೇಡವೇ ಬೇಡ.

ಬಾಣಂತಿಯರ ಕುರಿತ ಈ ಮಾತು ಹಿರಿಯ ಅಕ್ಕಂದಿರಿಗೆ. ಹೆರಿಗೆಯ ನಂತರದ ಆರು ವಾರ ಈ ಅಪಾಯ ಬಹಳ ಹೆಚ್ಚು, ಸಿಸೇರಿಯನ್ ಆಗಿದ್ದರೆ ಮತ್ತಷ್ಟು. ನಾವು ಮಾಡುವುದೇನು? ಹೊಟ್ಟೆ ಬರುತ್ತದೆಂದು ನೀರು ತಡೆಯುತ್ತೇವೆ, ಕಿವಿಗೆ ಬಟ್ಟೆ ಕಟ್ಟಿ ಬೆಚ್ಚಗಿನ ಕೋಣೆಯಲ್ಲಿ ಮಲಗಿಸುತ್ತೇವೆ. ಬಾಣಂತಿಯರ ಮಿದುಳಿನ ಅಭಿಧಮನಿಯಲ್ಲೂ ರಕ್ತ ಹೆಪ್ಪುಗಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಇದನ್ನು ದಶಕಗಳ ಹಿಂದೆಯೇ ಅಧ್ಯಯನ ಮಾಡಿದ್ದಾರೆ. ಬಿಡದ ತಲೆನೋವು, ಫಿಟ್ಸ್, ಕೈಕಾಲು ಸೋತಂತಾಗುವುದು ಅದರ ಲಕ್ಷಣ. ಇವು ಕಂಡರೆ ಗಾಳಿ ಸೋಕಿತೆಂದು ನಿವಾಳಿಸುತ್ತ ಕೂರಬೇಡಿ. ಅತ್ತೆಯೇ "ನೀರು ಕುಡಿಯವ್ವ, ಒಂದೀಟು ಅಡ್ಡಾಡು" ಅಂದರೆ ಸೊಸೆಗೆ ಬೇರೆ ಯಾರ ಅಪ್ಪಣೆಯೂ ಬೇಕಿಲ್ಲ.

ಡಿಸ್ಚಾರ್ಜ್ ಕಾರ್ಡು ಕೈಗೆ ಬಂದಾಗ ಅಪಾಯ ಮುಗಿದಿರುವುದಿಲ್ಲ. ಮುಂದಿನ ಮೂರು ತಿಂಗಳು ಕಣ್ಣಿಟ್ಟಿರಿ. ಸೊಂಟದ ಕೀಲು ಬದಲಿಸಿಕೊಂಡವರಿಗೆ ತಡೆ ಔಷಧಿ ಐದು ವಾರದವರೆಗೂ ಇರಬಹುದು, ದುಡ್ಡು ಉಳಿಸಲು ನಡುವೆ ನಿಲ್ಲಿಸಬೇಡಿ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ತೋರಿಸಿ. ಏಕಾಏಕಿ ಏದುಸಿರು, ಉಸಿರೆಳೆದರೆ ಎದೆನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬಂದ ಡಾಕ್ಟರಿಗೆ "ಮೊನ್ನೆ ಆಪರೇಷನ್ ಆಗಿತ್ತು", "ಹೆರಿಗೆಯಾಗಿ ಇಷ್ಟು ದಿನ ಆಯ್ತು" ಎಂಬುದನ್ನೇ ಮೊದಲು ಹೇಳಿ, ಹಳೆಯ ಕಾರ್ಡು ಕೈಯಲ್ಲೇ ಇರಲಿ.