ಎಳೆಯ ಭುಜದ ಮೇಲೆ ಗೆಲುವಿನ ಭಾರ

ಕ್ರೀಡೆಯಿಲ್ಲದ ಶಿಕ್ಷಣ ಅಪೂರ್ಣವೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಗೆದ್ದ ಪಾರಿತೋಷಕಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಗೆದ್ದವರ ದೇಹದ ಕ್ಷೇಮವನ್ನು ವಿಚಾರಿಸುವ ವಾಡಿಕೆ ಶಾಲೆಗಳಲ್ಲಿ ಇನ್ನೂ ಬೇರೂರಿಲ್ಲ. ಟೆನಿಸ್ ಆಡುವ ಬಾಲಕ ಬಾಲಕಿಯರ ಭುಜವು ಇದಕ್ಕೆ ಸ್ಪಷ್ಟ ನಿದರ್ಶನ.

ಮಾನವ ಶರೀರದ ಸಂಧಿಗಳಲ್ಲೆಲ್ಲ ಅತ್ಯಧಿಕ ಚಲನೆಯುಳ್ಳದ್ದು ಭುಜಸಂಧಿ. ಚಲನೆ ಹೆಚ್ಚಿದಷ್ಟೂ ಅದರ ಭದ್ರತೆ ಕಡಿಮೆ. ತೋಳಿನ ಎಲುಬಿನ ದುಂಡನೆಯ ತಲೆಯು ಆಳವಿಲ್ಲದ ಗುಳಿಯಲ್ಲಿ, ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ ಕುಳಿತಿರುತ್ತದೆ. ಅದನ್ನು ಹಿಡಿದಿಡುವವು ಅಸ್ಥಿಬಂಧಗಳು ಮತ್ತು ಸುತ್ತಲಿನ ನಾಲ್ಕು ಚಿಕ್ಕ ಸ್ನಾಯುಗಳು. ಸರ್ವ್ ಮಾಡುವಾಗ ತೋಳು ಮೊದಲು ಹಿಂದಕ್ಕೆ ತಿರುಗಿ, ಅನಂತರ ಮಿಂಚಿನಂತೆ ಮುಂದಕ್ಕೆ ತಿರುಗುತ್ತದೆ. ಮುಂದಕ್ಕೆ ಸೆಳೆಯುವ ಎದೆ ಬೆನ್ನುಗಳ ದೊಡ್ಡ ಸ್ನಾಯುಗಳು ಆಟದಿಂದಲೇ ಬಲಿಯುತ್ತವೆ. ಚೆಂಡನ್ನು ಹೊಡೆದ ಮೇಲೆ ಆ ವೇಗವನ್ನು ತಡೆಯಬೇಕಾದ ಹಿಂಬದಿಯ ಸ್ನಾಯುಗಳು ಮಾತ್ರ ಅಷ್ಟು ಬಲಿಯುವುದಿಲ್ಲ. ಎತ್ತು ಬಲಿಷ್ಠ, ಮೂಗುದಾರ ದುರ್ಬಲ ಎಂಬಂಥ ಸ್ಥಿತಿ ಇದು.

ಇದನ್ನು ಅಳೆದು ತಿಳಿಯಬಹುದು. ಆಡುವ ಭುಜವು ಹೊರಮುಖವಾಗಿ ಹೆಚ್ಚು ತಿರುಗುವುದು, ಒಳಮುಖವಾಗಿ ಕಡಿಮೆ ತಿರುಗುವುದು ಸಾಮಾನ್ಯ. ಬೆಳೆಯುವ ಎಲುಬು ಆಟಕ್ಕೆ ಹೊಂದಿಕೊಳ್ಳುವುದೂ ಇದಕ್ಕೊಂದು ಕಾರಣ. ಆದ್ದರಿಂದ ಪ್ರತಿಯೊಂದು ವ್ಯತ್ಯಾಸವೂ ರೋಗವಲ್ಲ. ಆದರೆ ಒಳತಿರುವು ಇನ್ನೊಂದು ಭುಜಕ್ಕಿಂತ ಸುಮಾರು 20 ಡಿಗ್ರಿಯಷ್ಟು ಕುಗ್ಗಿ, ಒಟ್ಟು ತಿರುವೂ ಕಡಿಮೆಯಾದರೆ ಅದು ಎಚ್ಚರಿಕೆಯ ಗುರುತು. ಹೊರಕ್ಕೆ ತಿರುಗಿಸುವ ಬಲವು ಒಳಕ್ಕೆ ತಿರುಗಿಸುವ ಬಲದ ಮೂರನೆಯ ಎರಡು ಭಾಗಕ್ಕಿಂತ ಕಡಿಮೆಯಿರಬಾರದೆಂಬುದು ತಜ್ಞರು ಸಾಮಾನ್ಯವಾಗಿ ಬಳಸುವ ಅಳತೆ.

ಭುಜವು ಒಂಟಿಯಾಗಿ ದುಡಿಯುವ ಅಂಗವೂ ಅಲ್ಲ. ಸರ್ವ್‌ನ ಶಕ್ತಿ ಕಾಲಿನಲ್ಲಿ ಹುಟ್ಟಿ, ಸೊಂಟ, ನಡು, ಹೆಗಲೆಲುಬುಗಳ ಮೂಲಕ ತೋಳನ್ನು ಸೇರುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ಕಾಲು ಮತ್ತು ನಡುವಿನದೇ. ಮೊಣಕಾಲು ಬಾಗಿಸದೆ ಹೊಡೆಯುವ ಬಾಲಕನ ಭುಜವು ಆ ಕೊರತೆಯನ್ನು ತಾನೇ ತುಂಬಬೇಕಾಗುತ್ತದೆ.

ಅಲಕ್ಷ್ಯದ ಫಲವನ್ನು ಟೆನಿಸ್ ಜಗತ್ತು ಕಂಡಿದೆ. ಅಮೆರಿಕದ ಆಂಡ್ರಿಯಾ ಜೇಗರ್ 1980ರಲ್ಲಿ, ಕೇವಲ 14ರ ವಯಸ್ಸಿನಲ್ಲಿ ವೃತ್ತಿಪರ ಆಟಗಾರ್ತಿಯಾದರು. 1983ರಲ್ಲಿ ವಿಂಬಲ್ಡನ್ ಅಂತಿಮ ಪಂದ್ಯವನ್ನೂ ಆಡಿದರು. ಆ ದಶಕ ಮುಗಿಯುವುದರೊಳಗೆ ಭುಜದ ಗಾಯವು ಅವರನ್ನು ಅಂಕಣದಿಂದ ದೂರಮಾಡಿತು. 2004ರಲ್ಲಿ 17ರ ಹರೆಯದಲ್ಲಿ ವಿಂಬಲ್ಡನ್ ಗೆದ್ದ ಮಾರಿಯಾ ಶರಪೋವಾ 2008ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದರು. ಮರಳಿ ಬಂದು 2012ರಲ್ಲಿ ಫ್ರೆಂಚ್ ಓಪನ್ ಗೆದ್ದರೂ ಭುಜದ ಬಾಧೆ ಅವರನ್ನು ಪೂರ್ತಿ ಬಿಡಲಿಲ್ಲ.

ನೋವನ್ನು ನುಂಗದವನು ಆಟಗಾರನಾಗಲಾರನೆಂದು ವಾದಿಸುವವರುಂಟು. ದಣಿವು ಬೇರೆ, ನೋವು ಬೇರೆ. ತೋಳಿನೆಲುಬಿನ ಬೆಳವಣಿಗೆಯ ಬಹುಭಾಗವು ಭುಜದ ಸಮೀಪದ ಮೃದು ಪದರದಲ್ಲಿಯೇ ನಡೆಯುತ್ತದೆ. ಆ ಪದರವು ಗಟ್ಟಿಯಾಗುವುದು ಹದಿಹರೆಯದ ಕೊನೆಗೆ. ಅಲ್ಲಿಯವರೆಗೆ ಭುಜದ ನೋವನ್ನು ಸಹಿಸೆಂದು ಹೇಳುವುದು ಶೌರ್ಯದ ಪಾಠವಾಗದು. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವೇ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ನಿಧಾನವಾಗಿ ಸಾಗುವ, ಕಡಿಮೆ ಪುಟಿಯುವ ಚೆಂಡುಗಳನ್ನು ಕಡ್ಡಾಯಗೊಳಿಸಿತು. ಆಟವೇ ಮಗುವಿನ ಅಳತೆಗೆ ಬಾಗಿರುವಾಗ ಶಾಲೆ ಬಾಗದಿರುವುದು ಸರಿಯೆ?

ಪರಿಹಾರ ದುಬಾರಿಯಾದುದಲ್ಲ. ಒಂದು ಕೋನಮಾಪಕ, ಕೆಲವು ರಬ್ಬರ್ ಪಟ್ಟಿಗಳು, ಅವಧಿಗೊಮ್ಮೆ ಬಂದು ಪರೀಕ್ಷಿಸುವ ಫಿಸಿಯೋಥೆರಪಿಸ್ಟ್, ಸರ್ವ್‌ಗಳ ಲೆಕ್ಕವಿಡುವ ವ್ಯಾಯಾಮ ಶಿಕ್ಷಕ, ಇಷ್ಟಿದ್ದರೆ ಕಾರ್ಯಾರಂಭವಾಗುತ್ತದೆ. ಹಿಂಬದಿಯ ಸ್ನಾಯುಗಳಿಗೆ ವಾರಕ್ಕೆ ಎರಡು ಮೂರು ಬಾರಿ ಕ್ರಮಬದ್ಧ ವ್ಯಾಯಾಮ, ವಾರಕ್ಕೊಂದಾದರೂ ವಿಶ್ರಾಂತಿಯ ದಿನ, ಟೆನಿಸ್‌ನ ಜೊತೆಗೆ ಬೇರೊಂದು ಆಟ, ಇವು ನಿಯಮಗಳಾಗಲಿ. ಅಂಕಣ ಕಟ್ಟಿಸಿಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನವು ಶ್ಲಾಘ್ಯ. ಆ ಅಂಕಣದಲ್ಲಿ ಆಡುವ ಮಗುವಿನ ಭುಜವನ್ನು ಕಾಯುವ ದಾನಕ್ಕೆ ಶಿಲಾಫಲಕವಿರದು. ಆದರೂ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಮೊದಲು ಮನಸ್ಸು ಮಾಡಬೇಕಾದುದು ಅದಕ್ಕೇ. ಪಾರಿತೋಷಕವನ್ನು ಮುಂದಿನ ವರ್ಷ ಗೆಲ್ಲಬಹುದು; ಹದಿನಾಲ್ಕರಲ್ಲಿ ಕೆಟ್ಟ ಭುಜವು ಮೊದಲಿನಂತಾಗುವುದೆಂಬ ಭರವಸೆಯಿಲ್ಲ.