ವೆಬ್‌ಸೈಟಿನ ಕೀಲಿಕೈ ಯಾರ ಹತ್ತಿರ?

ದೆಹಲಿ, ನೋಯ್ಡಾ, ಗುರುಗ್ರಾಮದ ಸಣ್ಣ ಕನ್ನಡ ಕೂಟಗಳಲ್ಲಿ ಜನ ಖಾಯಂ ನಿಲ್ಲುವುದು ಕಡಿಮೆ. ವರ್ಗವಾಗಿ ಬರುತ್ತಾರೆ, ನಾಲ್ಕೈದು ವರ್ಷ ಮುತುವರ್ಜಿಯಿಂದ ರಾಜ್ಯೋತ್ಸವ ನಡೆಸುತ್ತಾರೆ, ಮತ್ತೆ ಬೆಂಗಳೂರಿಗೋ ಪುಣೆಗೋ ಹೊರಟುಬಿಡುತ್ತಾರೆ. ಇಂಥ ಕೂಟ ವೆಬ್‌ಸೈಟ್ ಮಾಡಲು ಕೂತಾಗ ಮೊದಲು ಏಳುವ ಪ್ರಶ್ನೆ 'ಯಾವ ಹೋಸ್ಟಿಂಗ್ ಅಗ್ಗ?' ಎಂಬುದು. ನಿಜಕ್ಕೂ ಅದನ್ನು ಕೊನೆಗೆ ಕೇಳಿದರೂ ನಡೆದೀತು.

ಏಕೆಂದರೆ ಬೇಕಾಗುವ ಜಾಗ ತೀರಾ ಸ್ವಲ್ಪ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ 3 ಬೈಟ್ ಹಿಡಿಯುತ್ತದೆ. ಹಾಗಿದ್ದೂ ಸಾವಿರ ಪದಗಳ ಲೇಖನ ಸುಮಾರು 25 ಕಿಲೋಬೈಟ್ ದಾಟುವುದಿಲ್ಲ. ಅಂಥ ಸಾವಿರ ಲೇಖನಗಳೂ ಫೋನಿನಲ್ಲಿ ತೆಗೆದ ಹತ್ತು ಹನ್ನೆರಡು ಫೋಟೊಗಳಷ್ಟು ಜಾಗದಲ್ಲಿ ಹಿಡಿಯುತ್ತವೆ. 'ಅನ್‌ಲಿಮಿಟೆಡ್' ಪ್ಲಾನಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಜಾಹೀರಾತಿನ ದರ ಬಹುತೇಕ ಮೊದಲ ಅವಧಿಯದ್ದು ಮಾತ್ರ. ನವೀಕರಣದ ದರ ಎಷ್ಟು, ಅದರ ಮೇಲೆ 18% ಜಿಎಸ್‌ಟಿ ಸೇರಿದರೆ ಎಷ್ಟು ಎಂದು ನೋಡಿಕೊಂಡರೆ ಸಾಕು.

ಮೊದಲು ಕೇಳಬೇಕಾದದ್ದು, ಡೊಮೇನ್ ಯಾರ ಹೆಸರಿನಲ್ಲಿ ಎಂದು. ಹೋಸ್ಟಿಂಗ್ ಬಾಡಿಗೆ ಮನೆ ಇದ್ದಂತೆ, ಬದಲಿಸಬಹುದು. ಡೊಮೇನ್ ವಿಳಾಸ, ಅದು ಹೋದರೆ ಓದುಗರಿಗೆ ದಾರಿಯೇ ತಪ್ಪುತ್ತದೆ. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘಕ್ಕೆ ರಾವ್ ತುಲಾರಾಮ್ ಮಾರ್ಗದಲ್ಲಿ ಸ್ವಂತ ಕಟ್ಟಡವಿದೆ. ಅಂಥ ಕಟ್ಟಡವನ್ನು ಆ ವರ್ಷದ ಕಾರ್ಯದರ್ಶಿಯ ಹೆಸರಿಗೆ ಬರೆದುಕೊಡೋಣ ಎಂದರೆ ಯಾವ ಸಂಘದ ಸದಸ್ಯರೂ ಒಪ್ಪಲಾರರು. ಡೊಮೇನ್ ವಿಷಯದಲ್ಲಿ ಮಾತ್ರ ಉತ್ಸಾಹಿ ತರುಣನೊಬ್ಬನ ಇಮೇಲ್, ಅವನ ಮೊಬೈಲ್, ಅವನ ಕಾರ್ಡ್ ಸಾಕೆನಿಸುತ್ತದೆ. ಅವನು ಊರು ಬಿಟ್ಟು ನಂಬರ್ ಬದಲಿಸಿದ ಮೇಲೆ ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಇನ್‌ಬಾಕ್ಸ್‌ನಲ್ಲಿ ಬೀಳುತ್ತವೆ. ವಾಯಿದೆ ಮುಗಿದು ಕೆಲವು ವಾರ ಕಳೆದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. '.ಇನ್' ಮತ್ತು '.ಭಾರತ' ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ದೆಹಲಿಯಲ್ಲೇ ಇದೆ. ಆದರೆ ದಾಖಲೆಯಲ್ಲಿ ತರುಣನ ಹೆಸರಿದ್ದರೆ, ಕೂಟದವರು ಅದು ತಮ್ಮದೆಂದು ಸಾಧಿಸುವುದು ಸುಲಭವಲ್ಲ.

ಎರಡನೆಯದು ನಕಲು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇದ್ದ ಕೆಲವು ಗ್ರಾಹಕರಿಗೆ ಎರಡೂ ಇಲ್ಲವಾದವು. 2009ರಲ್ಲಿ ಯಾಹೂ ತನ್ನ ಉಚಿತ ಜಿಯೋಸಿಟೀಸ್ ಮುಚ್ಚಿದಾಗ ಅಸಂಖ್ಯ ಪುಟಗಳು ಮನೆ ಕಳೆದುಕೊಂಡವು.

ಹಾಗೆಂದು ಉಚಿತ ಹೋಸ್ಟಿಂಗ್ ಬೇಡವೆಂದಲ್ಲ. ಡೊಮೇನ್ ಕೂಟದ್ದೇ ಆಗಿದ್ದು, ಬರಹಗಳನ್ನು ಪೂರ್ತಿ ಇಳಿಸಿಕೊಳ್ಳಲು ಬಂದರೆ ಉಚಿತವೂ ನಡೆಯುತ್ತದೆ. ಬರೀ ಕಾರ್ಯಕ್ರಮದ ಸೂಚನೆಯಷ್ಟೇ ಆದರೆ ವಾಟ್ಸಾಪ್ ಗುಂಪೇ ಸಾಕು. ಆದರೆ ಮೂವತ್ತು ವರ್ಷದ ಸ್ಮರಣ ಸಂಚಿಕೆಗಳನ್ನು ಅಂತರ್ಜಾಲಕ್ಕೆ ಏರಿಸಲು ಹೊರಟವರು ಮೊದಲು ಕೂಟದ ಹೆಸರಿನಲ್ಲೊಂದು ಇಮೇಲ್ ತೆರೆಯಲಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ, ನವೀಕರಣದ ದಿನಾಂಕ ಖಜಾಂಚಿಯ ಲೆಕ್ಕದ ಪುಸ್ತಕದಲ್ಲಿ ಹಾಲ್ ಬಾಡಿಗೆಯ ಪಕ್ಕದಲ್ಲಿ ಬರೆದಿರಲಿ. ವರ್ಷಕ್ಕೊಮ್ಮೆ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ ಸರ್ವಸದಸ್ಯರ ಸಭೆಯಲ್ಲಿ ಮುಂದಿನವರ ಕೈಗೆ ಕೊಡಲಿ. ಆಮೇಲೆ ಅಗ್ಗದ ಹೋಸ್ಟಿಂಗ್ ಹುಡುಕಲಿ.